ನೀಲವ್ವನ ಅರ್ಧ ದಿನ

ಮೂವತ್ತು ವರ್ಷಕ್ಕೂ ಮೇಲೆ ನಾನು ಕಂದಾಯ ಇಲಾಖೆಯಲ್ಲಿ ದುಡಿದೆ. ಅದರಲ್ಲಿ ಬಹುಪಾಲು ರೋಣ, ನರಗುಂದ ಸೀಮೆಯ ಹಳ್ಳಿಗಳಲ್ಲಿ ತಲಾಟಿಯಾಗಿ. ಸರ್ಕಾರಿ ಕಾಗದದಲ್ಲಿ ಆ ಹುದ್ದೆಗೆ ಗ್ರಾಮ ಲೆಕ್ಕಾಧಿಕಾರಿ ಎಂಬ ಹೆಸರಿತ್ತು, ಈಗ ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ. ಊರ ಜನರ ಬಾಯಲ್ಲಿ ಅದು ಅಂದೂ ತಲಾಟಿ, ಇಂದೂ ತಲಾಟಿ. ಈ ನೌಕರಿಗೆ ಹೊಸದಾಗಿ ಬರುವವರಿಗೆ ತರಬೇತಿಯಲ್ಲಿ ಹೊಲದ ಉತಾರ, ಬೆಳೆ ಸಮೀಕ್ಷೆ, ಪಿಂಚಣಿ ಅರ್ಜಿ ಎಲ್ಲ ಕಲಿಸುತ್ತಾರೆ. ಹುಟ್ಟು-ಸಾವಿನ ದಾಖಲೆಗೆ ಮಾತ್ರ ಅರ್ಧ ತಾಸೂ ಕೊಡುವುದಿಲ್ಲ. ನಾನು ಬರೆಯಹೊರಟಿರುವುದು ಅದರ ಬಗ್ಗೆಯೇ. ಆ ಪುಸ್ತಕದಲ್ಲಿ ಒಂದು ಸಾಲನ್ನು ನಾನು ತಿಳಿದೂ ಸುಳ್ಳು ಬರೆದೆ. ಅದರಿಂದಾಗಿ ಒಬ್ಬ ಹುಡುಗಿ, ಕಾಗದದ ಪ್ರಕಾರ, ತನ್ನ ಹೆತ್ತ ತಾಯಿಯ ಮಗಳಲ್ಲ ಎಂದಾಯಿತು.

ಮೊದಲು ನನ್ನ ವಿಷಯ ಎರಡು ಮಾತು. ನಮ್ಮದು ಗಜೇಂದ್ರಗಡದ ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕೂತರೆ ಊಟಕ್ಕೆ ಮಾತ್ರ ಏಳುತ್ತಿದ್ದ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ, ಗಂಡಸು ಹೆಂಗಸು ಎಲ್ಲ ಸೇರಿ, ನಾನೇ ಮೊದಲು. ಬಿ.ಎ. ಪಾಸಾದ ದಿನ ಅಪ್ಪ ನನ್ನ ಮಾರ್ಕ್ಸ್ ಕಾರ್ಡನ್ನು ಬೆಳಕಿಗೆ ಹಿಡಿದು, ಸೀರೆಯ ಅಂಚು ನೋಡಿದ ಹಾಗೆ ಮೇಲಿಂದ ಕೆಳಗೆ ನೋಡಿದ. "ನೂಲು ಎಲ್ಲೂ ಹರದಿಲ್ಲಲ್ಲ?" ಎಂದು ಕೇಳಿದ. ಇಲ್ಲ ಎಂದೆ. ಆ ಡಿಗ್ರಿಯ ಹೆಮ್ಮೆ ನನಗೆ ಇಂದಿಗೂ ಇದೆ, ಮುಚ್ಚಿಡುವುದಿಲ್ಲ. ಅದೇ ಹೆಮ್ಮೆಯಿಂದಾಗಿ ಎಡವಿದ್ದನ್ನೂ ಮುಚ್ಚಿಡುವುದಿಲ್ಲ.

ನನಗೆ ಚಾರ್ಜು ಕೊಟ್ಟವರು ಶಂಕರಗೌಡರೆಂಬ ಹಿರಿಯ ತಲಾಟಿ. ಮಲಪ್ರಭಾ ದಂಡೆಯ ಒಂದು ಹಳ್ಳಿ, ಹೊಳೆಆಲೂರಿನ ಸ್ಟೇಷನ್ನಿನಿಂದ ನಡೆದೇ ಹೋಗಬೇಕು. ಚಾವಡಿಯ ಕಪಾಟಿನಲ್ಲಿದ್ದ ದಫ್ತರಗಳನ್ನು ಒಂದೊಂದಾಗಿ ತೋರಿಸಿ, ಕೊನೆಗೆ ಹುಟ್ಟಿನ ಪುಸ್ತಕ, ಸಾವಿನ ಪುಸ್ತಕ ಎರಡನ್ನೂ ನನ್ನ ಮುಂದಿಟ್ಟರು.

"ನೋಡವಾ, ಇವು ಪ್ರತಿ ವರ್ಷ ಜನವರಿ ಒಂದಕ್ಕ ಹೊಸಾವು. ನಂಬರು ಮತ್ತ ಒಂದರಿಂದ ಶುರು. ಹೊಸಾ ಪುಸ್ತಕಕ್ಕ ಅರಿಷಿಣ ಕುಂಕುಮ ಹಚ್ಚಿ, ಮೊದಲ ಒಂದು ಹುಟ್ಟು ಬರೀಬೇಕು. ಸಾವು ಬಂದ್ರ ಕಾಯಿಸು. ಸತ್ತವ್ರಿಗೇನು ಅವಸರ?"

"ಕಾಯಿಸಿದ್ರ ನಂಬರು ತಪ್ಪಂಗಿಲ್ಲೇನ್ರಿ?"

"ಅದಕ್ಕ ಹಳೇ ವರ್ಷದ ಪುಸ್ತಕದಾಗ ಕಡೀಕ ನಾಕು ಸಾಲು ಖಾಲಿ ಬಿಟ್ಟಿರು. ತಡಾ ಮಾಡಿ ಬಂದವ್ರಿಗೂ ಆತು, ಹೊಸಾ ವರ್ಷಕ್ಕ ಬ್ಯಾಡಾದವ್ರಿಗೂ ಆತು."

ಇದು ಯಾವ ಕಾನೂನಿನಲ್ಲೂ ಇಲ್ಲ. ಆದರೆ ಆಗ ನಮ್ಮ ಸೀಮೆಯ ತಲಾಟಿಗಳೆಲ್ಲ ಹೀಗೇ ಮಾಡುತ್ತಿದ್ದರು. ಅಂಗಡಿಯವನು ದೀಪಾವಳಿಗೆ ಹೊಸ ವಹಿ ಪೂಜೆ ಮಾಡಿದಂತೆ ನಮಗೆ ಜನವರಿ ಒಂದು. ಮೊದಲ ಸಾಲಿನಲ್ಲಿ ಒಂದು ಕೂಸು ಇದ್ದರೆ ವರ್ಷ ಚಲೋ ಹೋಗುತ್ತದೆ ಎಂದು ನಂಬಿಕೆ. ನಾನು ಡಿಗ್ರಿ ಓದಿದವಳು, ನಗಬೇಕಿತ್ತು. ನಗಲಿಲ್ಲ. ಆ ನಾಲ್ಕು ಖಾಲಿ ಸಾಲನ್ನು ಪ್ರತಿ ವರ್ಷ ಬಿಡುತ್ತ ಬಂದೆ.

ತಾರೀಖು ಹೇಳಿಸಿಕೊಳ್ಳುವುದೇ ಆಗ ದೊಡ್ಡ ಕೆಲಸವಾಗಿತ್ತು. ಕೂಸು ಎಂದು ಹುಟ್ಟಿತು ಎಂದರೆ "ಎಳ್ಳ ಅಮಾಸಿಗೆ ಹೊಲದಾಗ ಚರಗಾ ಚೆಲ್ಲಿ ಬಂದ್ವಲ್ರಿ, ಅದರ ಮರುದಿನಾ" ಎನ್ನುವರು. ಒಬ್ಬ ಅಜ್ಜಿ "ನಮ್ಮ ಎಮ್ಮಿ ಈದ ಎಂಟ ದಿನಕ್ಕ ಸೊಸಿ ಹಡದ್ಲು" ಎಂದಳು. ಎಮ್ಮೆ ಎಂದು ಈಯಿತು ಎಂದರೆ "ಸೊಸಿ ಹಡಿಯೋ ಎಂಟ ದಿನಾ ಮೊದಲ" ಎಂದಳು. ಶಾಲೆಯ ಮಾಸ್ತರರು ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ನಾನು ಹಾಗೆ ಮಾಡಬಾರದೆಂದು ಹಟ ಹಿಡಿದು, ಪಂಚಾಂಗ ಇಟ್ಟುಕೊಂಡು, ಮನೆಮನೆಗೆ ಹೋಗಿ ತಾರೀಖು ಹಿಡಿಯುತ್ತಿದ್ದೆ. ಸರ್ಕಲ್ ಸಾಹೇಬರು, ಅಂದರೆ ಕಂದಾಯ ನಿರೀಕ್ಷಕರು, ತಪಾಸಣೆಗೆ ಬಂದರೆ ಪುಟ ತಿರುವದೆ ಕೊನೆಯ ನಂಬರಿನ ಕೆಳಗೆ ಸಹಿ ಹಾಕಿ, "ಅಕ್ಷರ ದುಂಡಗ ಅದಾವವಾ" ಎಂದು ಹೊರಡುತ್ತಿದ್ದರು. ಯಾರೂ ಓದುವುದಿಲ್ಲ ಎಂದು ನನಗೆ ಗೊತ್ತಾದದ್ದು ಹೀಗೆ. ಓದುವುದಿಲ್ಲ ಎಂದು ಗೊತ್ತಾಗುವುದು ಈ ನೌಕರಿಯಲ್ಲಿ ಭಾಳ ಅಪಾಯದ ಸಂಗತಿ.

ತಪ್ಪುಗಳು ಆಗುತ್ತಿದ್ದವು. ಊರಿನ ಇಬ್ಬರು ಬಸಪ್ಪಂದಿರಲ್ಲಿ ಒಬ್ಬ ಸತ್ತಾಗ, ಸಾವಿನ ಪುಸ್ತಕದಲ್ಲಿ ಅವನ ಅಪ್ಪನ ಬದಲು ಬದುಕಿದ್ದವನ ಅಪ್ಪನ ಹೆಸರು ಬರೆದುಬಿಟ್ಟೆ. ಅವನು ಚಾವಡಿಗೆ ಬಂದು ಕಟ್ಟೆಯ ಮೇಲೆ ಕೂತ.

"ಅಕ್ಕಾರ, ನಾ ಸತ್ತೇನಂತ ಸುದ್ದಿ ಬಂತ್ರಿ. ಖರೇ ಏನ್ರಿ?"

"ತಪ್ಪಾಗೇತಿ ಬಸಪ್ಪ, ಇವತ್ತ ತಿದ್ದತೀನಿ."

"ಲಗೂ ತಿದ್ದಬ್ಯಾಡ್ರಿ. ಹೇಣ್ತಿ ಎರಡ ದಿನಾ ಅಳ್ತಾಳೋ ಇಲ್ಲೋ ನೋಡ್ತೀನಿ."

ಅವತ್ತೇ ತಿದ್ದಿದೆ. ಮೂಲ ಸಾಲನ್ನು ಕೆರೆದು ಹಾಕುವಂತಿಲ್ಲ. ಪಕ್ಕದ ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ಕಾರಣ ಬರೆದು, ಸಹಿ ಹಾಕಿ ತಾರೀಖು ಹಾಕಬೇಕು. ಐದು ನಿಮಿಷದ ಕೆಲಸ. ನಕ್ಕು ಬಿಡುವಂಥ ತಪ್ಪನ್ನು ತಿದ್ದುವುದು ಸುಲಭ.

ಇನ್ನು ನೀಲವ್ವನ ವಿಷಯ. ಅದೇ ಹಳ್ಳಿಯ ಸೊಸೆ, ಕೂಲಿ ಮಾಡುವ ಮನೆ. ಗಂಡ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋಗಿದ್ದ. ಜನವರಿ ಒಂದರ ಬೆಳಗಿನ ಜಾವ ಮನೆಯಲ್ಲೇ ಹಡೆದಳು, ಹೆಣ್ಣು ಕೂಸು. ಊರ ಸೂಲಗಿತ್ತಿ ಹೊಕ್ಕುಳಬಳ್ಳಿ ಕೊಯ್ದಳು. ರಕ್ತ ನಿಲ್ಲಲಿಲ್ಲ. ಊರಿನಲ್ಲಿ ಆಗ ನರ್ಸ್ ಇರಲಿಲ್ಲ. ಸುದ್ದಿ ಮುಟ್ಟಿ ತವರಿನಿಂದ ತಮ್ಮ ಮಲ್ಲಪ್ಪ ಬಂದು, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಸಿಗೆ ಹಾಸಿ ರೋಣದ ದವಾಖಾನೆಗೆ ಎಂದು ಹೊರಟರು. ದಾರಿಯಲ್ಲೇ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ, ನೀಲವ್ವ ಹೋದಳು.

ಮೂರು ದಿನ ಬಿಟ್ಟು ನಾನು ಪುಸ್ತಕ ಹಿಡಿದು ಅವರ ಮನೆಗೆ ಹೋದೆ. ಅತ್ತೆ ಫಕೀರವ್ವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅರಳೆಯಲ್ಲಿ ಹಾಲು ಅದ್ದಿ ಬಾಯಿಗೆ ಹಿಂಡುತ್ತಿದ್ದಳು. ಏನೇನಾಯಿತು ಎಂದು ಹೇಳಿದಳು. ಹೇಳುತ್ತ ಒಂದು ಮಾತು ಅಂದಳು: "ಮುಂಜಾನಿ ಎಚ್ಚರಿದ್ಲ್ರಿ ಅಕ್ಕಾರ. ಕೂಸಿನ್ನ ಎದಿಗೆ ಹಚ್ಕೊಂಡ್ಲು. ಅತ್ತಿ, ಮೂಗು ನನ್ನಂಗ ಐತಿ ನೋಡು ಅಂದ್ಲು."

ಆಮೇಲೆ ಕೂಸನ್ನು ನೆಲದ ಮೇಲೆ ಮಲಗಿಸಿ ನನ್ನ ಕಾಲು ಹಿಡಿದಳು.

"ಹುಟ್ಟಿದ ದಿನಾ, ತಾಯಿ ಸತ್ತ ದಿನಾ ಒಂದ ಬರೀಬ್ಯಾಡ್ರಿ. ನಾಳೆ ಹೆಣ್ಣು ನೋಡಾಕ ಬಂದವ್ರು ಏನಂತಾರ? ಹುಟ್ಟಿದ ದಿನಾನ ತಾಯಿನ್ನ ನುಂಗಿದಾಕಿ ಅಂತಾರ. ಒಂದ ದಿನಾ ಹಿಂದ ಮುಂದ ಮಾಡ್ರಿ. ನಿಮ್ಮ ಕೈಯಾಗ ಐತಿ."

ನನ್ನ ಕೈಯಲ್ಲಿತ್ತು. ಹಳೇ ವರ್ಷದ ಸಾವಿನ ಪುಸ್ತಕದಲ್ಲಿ ನಾಲ್ಕು ಸಾಲು ಖಾಲಿ ಇದ್ದವು. ಚಾವಡಿಗೆ ಬಂದು, ನೀಲವ್ವನ ಸಾವನ್ನು ಡಿಸೆಂಬರ್ ಮೂವತ್ತೊಂದು ಎಂದು ಅಲ್ಲಿ ಬರೆದೆ. ಹೊಸ ಹುಟ್ಟಿನ ಪುಸ್ತಕಕ್ಕೆ ಅರಿಷಿಣ ಕುಂಕುಮ ಹಚ್ಚಿ, ಒಂದನೇ ನಂಬರಿಗೆ ಕೂಸನ್ನು ಬರೆದೆ: ಜನವರಿ ಒಂದು, ಹೆಣ್ಣು, ತಾಯಿಯ ಹೆಸರು ನೀಲವ್ವ. ಕೂಸಿಗೆ ಮುಂದೆ ಸಾವಿತ್ರಿ ಎಂದು ಹೆಸರಿಟ್ಟರು. ಖರೇ ಹೇಳುತ್ತೇನೆ, ಅವತ್ತು ನನಗೆ ಸಮಾಧಾನವಾಯಿತು. ಒಂದು ಕೂಸಿಗೆ ಕಳಂಕ ತಪ್ಪಿಸಿದೆ, ಹೊಸ ಪುಸ್ತಕದ ಮೊದಲ ಸಾಲೂ ಚಲೋ ಆಯಿತು ಎಂದುಕೊಂಡೆ. ಸತ್ತವಳು ಮರುದಿನ ಹಡೆಯುವುದಿಲ್ಲ ಎಂಬುದು, ಬಿ.ಎ. ಓದಿದ ನನಗೆ, ಹೊಳೆಯಲಿಲ್ಲ. ಎರಡು ಬೇರೆ ಬೇರೆ ಪುಸ್ತಕ, ಎರಡು ಬೇರೆ ಬೇರೆ ವರ್ಷ. ಎರಡನ್ನೂ ಒಟ್ಟಿಗೆ ಯಾರು ತೆರೆಯುತ್ತಾರೆ?

ನಾನೇ ತೆರೆದೆ. ಕೆಲವು ವರ್ಷದ ಮೇಲೆ ಮಲಪ್ರಭೆ ಉಕ್ಕಿ ಚಾವಡಿಯೊಳಗೆ ಮೊಣಕಾಲುದ್ದ ನೀರು ನಿಂತಿತು. ದಫ್ತರಗಳನ್ನು ಹೊತ್ತು ಶಾಲೆಯ ಮಾಳಿಗೆಗೆ ಸಾಗಿಸಿದೆವು. ನೀರು ಇಳಿದ ಮೇಲೆ ಬಿಸಿಲು ಬಿತ್ತು. ನೇಕಾರರ ಮಗಳು ನಾನು, ಗಂಜಿ ಹಚ್ಚಿದ ನೂಲು ಹೇಗೆ ಒಣಗಿಸಬೇಕೆಂದು ಗೊತ್ತು. ಪುಸ್ತಕಗಳನ್ನು ಬಿಚ್ಚಿ ಹಗ್ಗದ ಮೇಲೆ ಹಾಳೆ ಹಾಳೆಯಾಗಿ ಇಳಿಬಿಟ್ಟೆ. ವರ್ಷದ ಅನುಕ್ರಮ ತಪ್ಪಬಾರದೆಂದು, ಮೊದಲು ಹುಟ್ಟಿನ ಹಾಳೆ, ಆಮೇಲೆ ಸಾವಿನ ಹಾಳೆ, ಹೀಗೆ ಒಂದು ವರ್ಷದ ಕೊನೆಯ ಹಾಳೆಯ ಪಕ್ಕ ಮುಂದಿನ ವರ್ಷದ ಮೊದಲ ಹಾಳೆ ಹಾಕುತ್ತ ಹೋದೆ. ಹೀಗೆ ನೀಲವ್ವನ ಸಾವು, ಅವಳ ಮಗಳ ಹುಟ್ಟು ಒಂದೇ ಹಗ್ಗದ ಮೇಲೆ ಅಕ್ಕಪಕ್ಕ ಬಂದವು. ಓದಿದೆ. ಮತ್ತೆ ಓದಿದೆ. ತಾಯಿ ಸತ್ತ ಮರುದಿನ ಮಗಳು ಹುಟ್ಟಿದ್ದಳು.

ಆಗ ತಿದ್ದಬಹುದಿತ್ತು. ಫಕೀರವ್ವ ಬದುಕಿದ್ದಳು, ಸೂಲಗಿತ್ತಿ ಬದುಕಿದ್ದಳು. ಆದರೆ ಕಾರಣ ಏನೆಂದು ಬರೆಯಲಿ? ಬೇಕಂತಲೇ ಬರೆದೆ ಎಂದರೆ ವಿಚಾರಣೆ, ಅಮಾನತು. ನಮ್ಮ ಮನೆತನದ ಮೊದಲ ಡಿಗ್ರಿ, ಮೊದಲ ಸರ್ಕಾರಿ ನೌಕರಿ. ಅಪ್ಪ ಆಗ ಇನ್ನೂ ಇದ್ದ, ಕಣ್ಣು ಮಂಜಾಗಿದ್ದವು. ಹಾಳೆ ಒಣಗಿದ ಮೇಲೆ ಮತ್ತೆ ಹೊಲಿದು ಕಪಾಟಿನಲ್ಲಿಟ್ಟೆ. ಮೊದಲ ಸಲ ಬರೆದದ್ದು ಮರುಕದಿಂದ. ಎರಡನೇ ಸಲ ಸುಮ್ಮನಿದ್ದದ್ದು ಹೆದರಿಕೆಯಿಂದ. ನನ್ನ ನಿಜವಾದ ತಪ್ಪು ಎರಡನೆಯದು.

ಅಲ್ಲಿಂದ ವರ್ಗವಾಯಿತು. ನರಗುಂದದ ಕಡೆ ಹೋದೆ, ಕಂಪ್ಯೂಟರ್ ಬಂತು. ದವಾಖಾನೆಯಲ್ಲಿ ಹುಟ್ಟಿದ ಕೂಸು ಅವತ್ತೇ ಅಲ್ಲೇ ದಾಖಲಾಗುವ ಕಾಲ ಬಂತು. ಖಾಲಿ ಸಾಲು ಬಿಡುವ ಮಾತೇ ಇಲ್ಲ. ಒಳ್ಳೆಯದಾಯಿತು. ಆದರೆ ಹೊಸಬರು ನೆನಪಿಡಲಿ, ಯಂತ್ರ ಖಾಲಿ ಸಾಲನ್ನು ಒಪ್ಪುವುದಿಲ್ಲ, ಸುಳ್ಳನ್ನು ಒಪ್ಪುತ್ತದೆ. ನಾನು ನಿವೃತ್ತಳಾದೆ. ಶಾಲು ಹೊದಿಸಿದರು, ಕಳಂಕವಿಲ್ಲದ ಸೇವೆ ಎಂದು ಭಾಷಣ ಮಾಡಿದರು. ಚಪ್ಪಾಳೆ ತಟ್ಟುವಾಗ ನಾನು ನೆಲ ನೋಡುತ್ತಿದ್ದೆ.

ಹೋದ ಮುಂಗಾರಿನಲ್ಲಿ ರೋಣದ ನಮ್ಮ ಮನೆಗೆ ಇಬ್ಬರು ಹೆಂಗಸರು ಬಂದರು. ಹಿರಿಯಳು ಗಂಗವ್ವ, ನೀಲವ್ವನ ಗಂಡ ಆಮೇಲೆ ಮಾಡಿಕೊಂಡ ಹೆಂಡತಿ. ಕಿರಿಯಳು ಸಾವಿತ್ರಿ, ಇಪ್ಪತ್ತು ದಾಟಿದ ಹುಡುಗಿ, ಗದಗಿನಲ್ಲಿ ಹೊಲಿಗೆ ಕೆಲಸಕ್ಕೆ ಹೋಗುತ್ತಾಳೆ. ನಾನು ಅವಳ ಮೂಗನ್ನೇ ನೋಡಿದೆ. ಗಂಗವ್ವ ಮಾತು ಸುತ್ತುವವಳಲ್ಲ.

"ನಾ ಹಡದಿಲ್ರಿ ಇಕಿನ್ನ, ಬೆಳಸೇನಿ ಅಷ್ಟ. ಈಗ ಇಕಿ ಸ್ವಾದರಮಾವ ಮಲ್ಲಪ್ಪ, ಇಕಿ ನಮ್ಮಕ್ಕನ ಮಗಳ ಅಲ್ಲ, ನಿನ್ನ ಮಗಳು ಅಂತಾನ."

ವಿಷಯ ಇಷ್ಟು. ನೀಲವ್ವನ ಅಪ್ಪ ತೀರಿಕೊಂಡಿದ್ದ. ಕೊಣ್ಣೂರಿನ ಹತ್ತಿರ ಅವನಿಗೆ ಕಪ್ಪು ಮಣ್ಣಿನ ಎರಿ ಹೊಲವಿತ್ತು. ಸತ್ತ ಮಗಳ ಪಾಲು ಮೊಮ್ಮಗಳಿಗೆ ಬರಬೇಕು. ವಾರಸಾ ಅರ್ಜಿಗೆ ಮಲ್ಲಪ್ಪ ತಕರಾರು ಹಾಕಿ ಎರಡು ದಾಖಲೆ ಲಗತ್ತಿಸಿದ್ದ: ಅಕ್ಕ ಸತ್ತದ್ದು ಮೂವತ್ತೊಂದಕ್ಕೆ, ಈ ಹುಡುಗಿ ಹುಟ್ಟಿದ್ದು ಒಂದಕ್ಕೆ. ಎರಡರಲ್ಲೂ ನನ್ನ ದುಂಡು ಅಕ್ಷರ, ನನ್ನ ಸಹಿ. ಸಾವಿತ್ರಿಯ ಅಪ್ಪ, ಫಕೀರವ್ವ, ಸೂಲಗಿತ್ತಿ, ಮೂವರೂ ಈಗಿಲ್ಲ. ಊರವರನ್ನು ಕೇಳಿದರೆ ಯಾರಿಗೆ ನೆನಪೈತಿ ಎನ್ನುತ್ತಾರೆ. ಉಳಿದವಳು ನಾನು.

"ನಿನಗ ಹೊಲ ಬೇಕೇನವಾ?" ಎಂದು ಕೇಳಿದೆ.

"ಹೊಲಾನೂ ಬೇಕ್ರಿ. ಯಾಕ ಬಿಡ್ಲಿ?" ಎಂದಳು ಸಾವಿತ್ರಿ. "ಆದ್ರ ಮೊದಲ ಇದ ಹೇಳ್ರಿ. ನಮ್ಮವ್ವ ನನ್ನ ನೋಡಿದ್ಲೋ ಇಲ್ಲೋ? ಅಜ್ಜಿ ಇರೋತನಕ ಮೂವತ್ತೊಂದಕ್ಕ ಅವ್ವಗ ಎಡಿ ಹಿಡಿಸ್ತಿದ್ಲು. ನಾ ಸಣ್ಣಾಕಿದ್ದಾಗ ಕೇಳಲಿಲ್ಲ. ಈಗ ಕಚೇರ್ಯಾಗ ಮಂದಿ ಮುಂದ ಮಾವ ಕೇಳ್ತಾನ, ಸತ್ತಾಕಿ ಹ್ಯಾಂಗ ಹಡದ್ಲು ಅಂತ."

ಅವಳಿಗೆ ಎಲ್ಲ ಹೇಳಿದೆ. ಖಾಲಿ ಸಾಲು, ಫಕೀರವ್ವ, ಅವ್ವ ಆಡಿದ ಮೂಗಿನ ಮಾತು, ಹಗ್ಗದ ಮೇಲಿನ ಹಾಳೆ. ಅವಳು ಬೈಯಲಿಲ್ಲ. ಗಂಗವ್ವ ಬೈದಳು. "ಇಷ್ಟ ವರ್ಷ ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ರೇನ್ರಿ? ಸಾಲಿ ಕಲತು ಇದನ್ನ ಮಾಡಿದ್ರಿ?" ಎಂದಳು.

ನಮ್ಮ ಯಜಮಾನರು ಬೇಡ ಎಂದರು. "ಈ ವಯಸ್ಸಿನ್ಯಾಗ ಕೇಸು ಮೈಮ್ಯಾಲ ಎಳಕೋತೀಯೇನು?" ಎಂದರು. ಆ ಊರಿನ ಈಗಿನ ತಲಾಟಿ ಹುಡುಗಿ, ಒಳ್ಳೆಯವಳು, ಉಪಾಯ ಹೇಳಿದಳು: "ಅಕ್ಕಾರ, ಕಣ್ತಪ್ಪಿನಿಂದ ಆಗೇತಿ ಅಂತ ಬರದ ಕೊಡ್ರಿ. ಮುಗೀತು." ಮುಗಿಯುತ್ತಿರಲಿಲ್ಲ. ಕಣ್ತಪ್ಪು ಎಂದರೆ ಎರಡರಲ್ಲಿ ಯಾವ ತಾರೀಖು ಕಣ್ತಪ್ಪಿನದು? ಹುಟ್ಟಿನದೇ ತಪ್ಪು, ಹುಡುಗಿ ಹುಟ್ಟಿದ್ದು ಇನ್ನೂ ಆಮೇಲೆ ಎಂದು ಮಲ್ಲಪ್ಪ ಹೇಳಬಹುದು. ಸಾವಿನ ದಿನವನ್ನೇ, ಇಂಥ ಕಾರಣಕ್ಕೆ, ತಿಳಿದೇ ಬದಲಿಸಿದೆ ಎಂದರೆ ಮಾತ್ರ ಹುಡುಗಿ ಉಳಿಯುತ್ತಾಳೆ. ಹಾಗೇ ಬರೆಸಿದೆ. ಅಫಿಡವಿಟ್ ಟೈಪ್ ಮಾಡುವವನು ನಡುವೆ ಬೆರಳು ಎತ್ತಿದ.

"ಅಕ್ಕಾರ, ಈ ಮೂಗಿನ ಮಾತು ಇದರಾಗ ಯಾಕ್ರಿ?"

"ಇರ್ಲಿ. ಟೈಪ್ ಮಾಡು."

ತಹಶೀಲ್ದಾರರ ಮುಂದೆ ವಿಚಾರಣೆಯಾಯಿತು. ತಹಶೀಲ್ದಾರರು ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. ನನ್ನ ಹೇಳಿಕೆ ಪೂರ್ತಿ ಓದಿದರು. ನನ್ನ ಮೂವತ್ತು ವರ್ಷದಲ್ಲಿ, ನಾನು ಬರೆದದ್ದನ್ನು ಸಾಲು ಬಿಡದೆ ಓದಿದ ಮೊದಲ ಅಧಿಕಾರಿ ಅವರು. ಮಲ್ಲಪ್ಪ ಎದ್ದು ನಿಂತ. ತಲೆ ಬೆಳ್ಳಗಾಗಿತ್ತು.

"ಮೇಡಂ, ಅವತ್ತ ಖೊಟ್ಟಿ ಬರದಾಕಿ ಇವತ್ತ ಖರೇ ಹೇಳ್ತಾಳಂತ ಹ್ಯಾಂಗ ನಂಬಬೇಕ್ರಿ?"

ನ್ಯಾಯವಾದ ಮಾತು. ಕಚೇರಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ತಹಶೀಲ್ದಾರರ ಅಪ್ಪಣೆ ಕೇಳಿ ಅವನ ಕಡೆ ತಿರುಗಿದೆ.

"ನನ್ನ ಮಾತು ಬಿಡ್ರಿ ಮಲ್ಲಪ್ಪ. ನಿಮ್ಮ ಮನ್ಯಾಗ ಅಕ್ಕನ ದಿನಾ ಎಂದು ಹಿಡೀತೀರಿ?"

"ಎಂದು ಅಂದ್ರ? ಒಂದನೇ ತಾರೀಖಿಗೆ. ಮಂದಿ ಎಲ್ಲಾ ಹೊಸಾ ವರ್ಷ ಅಂತ ಕೇಕ್ ಕೊಯ್ಯೋ ದಿನಾ ನಮ್ಮ ಮನ್ಯಾಗ ಮಧ್ಯಾಹ್ನ ಒಲಿ ಹಚ್ಚಂಗಿಲ್ಲ. ಟ್ರೇಲರ್‌ನ್ಯಾಗ ನನ್ನ ತೊಡಿ ಮ್ಯಾಲ ಜೀವಾ ಬಿಟ್ಟಾಳ..."

ಅಲ್ಲಿಗೆ ನಿಲ್ಲಿಸಿದ. ಏನು ಹೇಳಿದೆ ಎಂದು ಅವನಿಗೇ ತಿಳಿಯಿತು. ತಹಶೀಲ್ದಾರರು ಗುಮಾಸ್ತರಿಗೆ ಮೆಲ್ಲಗೆ "ಬರಕೋರಿ" ಎಂದರು. ಮಲ್ಲಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ನಾನು ಗಾಳ ಹಾಕಿಯೇ ಕೇಳಿದ್ದೆ. ತಮ್ಮನೊಬ್ಬನ ದುಃಖವನ್ನು ಸಾಕ್ಷಿಯಾಗಿ ಮಾಡಿಕೊಂಡೆ. ಅದರ ಬಗ್ಗೆಯೂ ನನಗೆ ಹೆಮ್ಮೆಯಿಲ್ಲ.

ಕಾಗದ ಜಿಲ್ಲೆಗೆ ಹೋಯಿತು. ತಿಂಗಳುಗಟ್ಟಲೆ ಬರಲಿಲ್ಲ. ನನ್ನ ಮೇಲೆ ಏನು ಕ್ರಮ ಎಂಬುದು ಇನ್ನೂ ಗೊತ್ತಾಗಿಲ್ಲ, ಬಂದದ್ದು ಬರಲಿ. ಹೊಲದ ತಕರಾರನ್ನು ಮಲ್ಲಪ್ಪ ಈಗ ಕೋರ್ಟಿಗೆ ಒಯ್ದಿದ್ದಾನೆ, ಅದು ಎಷ್ಟು ವರ್ಷವೋ. ಆದರೆ ತಿದ್ದುಪಡಿಯ ಆದೇಶ ಮಾತ್ರ ಡಿಸೆಂಬರ್ ಕೊನೆಯ ವಾರ ಬಂತು. ಮೂವತ್ತೊಂದರ ಮಧ್ಯಾಹ್ನ ತಲಾಟಿ ಹುಡುಗಿ ಫೋನ್ ಮಾಡಿ ಕರೆದಳು. ಗಂಗವ್ವ, ಸಾವಿತ್ರಿ ನನಗಿಂತ ಮೊದಲೇ ಬಂದು ಚಾವಡಿಯಲ್ಲಿ ಕೂತಿದ್ದರು.

ಹಳೇ ಪುಸ್ತಕ ಮೇಜಿನ ಮೇಲಿತ್ತು. ನೀರಿನ ಕಲೆ ಹಾಗೇ ಇತ್ತು. ನನ್ನ ಸಾಲಿನ ಪಕ್ಕ, ಎರಡು ಬೆರಳಗಲದ ಅಂಚಿನಲ್ಲಿ, ಹುಡುಗಿ ಕೆಂಪು ಶಾಯಿಯಲ್ಲಿ ಬರೆದಳು. ಮರಣದ ದಿನಾಂಕ ಜನವರಿ ಒಂದು ಎಂದು ಓದತಕ್ಕದ್ದು. ಹಿಂದಿನ ನೋಂದಣಾಧಿಕಾರಿ ತಿಳಿದೇ ತಪ್ಪಾಗಿ ನಮೂದಿಸಿರುವುದಾಗಿ ಒಪ್ಪಿರುತ್ತಾರೆ. ಆಮೇಲೆ ನನ್ನ ಹೆಸರು. ಅರ್ಧ ಬರೆದು ಪೆನ್ನು ಎತ್ತಿ ನನ್ನ ಕಡೆ ನೋಡಿದಳು. "ಬರಿಯವಾ, ಪೂರ್ತಿ ಬರಿ" ಎಂದೆ.

ಸಾವಿತ್ರಿ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಗಂಗವ್ವನ ಕಡೆ ತಿರುಗಿದಳು.

"ಯವ್ವಾ, ಹಂಗಾದ್ರ ನಾಳೆನ ಎರಡೂ. ನಾ ಹುಟ್ಟಿದ್ದೂ ನಾಳೆ, ಅಕಿ ಹೋಗಿದ್ದೂ ನಾಳೆ. ನಾ ಏನ ಮಾಡ್ಲಿ? ಉಪಾಸ ಇರ್ಲೋ, ಉಣ್ಲೋ?"

ಗಂಗವ್ವ ಸೆರಗು ಸರಿಪಡಿಸಿಕೊಂಡು ಎದ್ದಳು. ಬಸ್ಸಿನ ಹೊತ್ತಾಗಿತ್ತು.

"ಅಕಿ ಹೋಗಿದ್ದು ಮಧ್ಯಾಹ್ನ," ಎಂದಳು. "ಮುಂಜಾನಿ ಉಣ್ಣು."